ಗೋಡೆಯೊಳಗಿನ ತಂತಿ

ಮೂರು ಪಿನ್ನಿನ ಸಾಕೆಟ್ ನೋಡಿದ್ದೀರಲ್ಲ. ಕೆಳಗೆ ಎರಡು ತೂತು, ಮೇಲೆ ಒಂದು ದೊಡ್ಡದು. ಕೆಳಗಿನ ಎರಡರ ಹಿಂದೆ ತಂತಿ ಇಲ್ಲದಿದ್ದರೆ ಮಿಕ್ಸಿ ತಿರುಗುವುದಿಲ್ಲ, ಮನೆಯವರು ಅವತ್ತೇ ಫೋನ್ ಮಾಡುತ್ತಾರೆ. ಮೇಲಿನದರ ಹಿಂದೆ ತಂತಿ ಇಲ್ಲದಿದ್ದರೂ ಎಲ್ಲ ನಡೆಯುತ್ತದೆ. ಹತ್ತು ವರ್ಷವೂ ನಡೆಯಬಹುದು. ಯಾವತ್ತೋ ಒಂದು ದಿನ ಗೀಸರಿನ ಕಾಯಿಲ್ ಕೆಟ್ಟು ಅದರ ಮೈಗೆಲ್ಲ ಕರೆಂಟ್ ಹರಿಯುತ್ತದೆ. ಹಾಗೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಹಸಿರು ತಂತಿ, ಅಂದರೆ ಅರ್ಥಿಂಗ್, ಇತ್ತೋ ಇಲ್ಲವೋ ಅಂತ ಗೊತ್ತಾಗುವುದು ಆಗಲೇ.

ನಾನು ಧಾರವಾಡದಲ್ಲಿ 28 ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ನಾಲ್ಕು ಮನೆಗಳ ಮೇಲಿನ ಮಹಡಿಯಲ್ಲಿ ನಾನು ಆ ತಂತಿ ಎಳೆಯಲಿಲ್ಲ. ಬಿಲ್ಲಿನಲ್ಲಿ ಮಾತ್ರ ಬರೆದೆ.

ನಮ್ಮ ಸಭೆಯ, ಅಂದರೆ ಚರ್ಚಿನ, ಯುವಕರ ಕೂಟದಲ್ಲಿ ಹೋದ ವರ್ಷ ಒಬ್ಬ ಹುಡುಗ ಕೇಳಿದ: "ಅಂಕಲ್, ನಿತ್ಯಜೀವವನ್ನು ಮನಸ್ಸಿನಲ್ಲಿಟ್ಟುಕೊಂಡು ಬದುಕಬೇಕು ಅಂತಾರಲ್ಲ, ದಿನಾ ಅದನ್ನ ಹೇಗೆ ಮಾಡೋದು?" ಪ್ರಸಂಗ ಮಾಡಲು ನನಗೆ ಬರುವುದಿಲ್ಲ. ಅವತ್ತು ಬೈಬಲಿನ ಏನೋ ಒಂದು ವಚನ ಹೇಳಿ ಜಾರಿಕೊಂಡೆ. ನಿಜವಾದ ಉತ್ತರ ಈ ನಾಲ್ಕು ಮನೆಗಳ ಕತೆ.

ಆ ಮನೆಗಳ ಕೆಲಸ ಮಾಡಿದ್ದು 2011ರಿಂದ 2013ರ ನಡುವೆ. ಈಗ ನೆನೆದರೆ ನಾಚಿಕೆಯೂ ನಗುವೂ ಒಟ್ಟಿಗೇ ಬರುತ್ತವೆ. ಸಭೆಯಲ್ಲಿ ನಾನು ಭಾರೀ ಭಕ್ತ ಅನ್ನಿಸಿಕೊಂಡ ವರ್ಷಗಳೂ ಅವೇ! ಒಂದು ಉಜ್ಜೀವನ ಕೂಟಕ್ಕೆ ಹೋಗಿ ಬಂದಿದ್ದೆ, ಮೈಗೆ ಬೆಂಕಿ ಹತ್ತಿದಂತಾಗಿತ್ತು. ಬೆಳಗಿನ ಜಾವ 4ಕ್ಕೆ ಏಳುತ್ತಿದ್ದೆ. ಶುಕ್ರವಾರ ಉಪವಾಸ, ಬುಧವಾರ ಬೈಬಲ್ ಅಧ್ಯಯನ, ಶನಿವಾರ ಹಾಡಿನ ಅಭ್ಯಾಸ, ಭಾನುವಾರ ಇಡೀ ದಿನ ಸಭೆ. ಮಗಳಿಗೆ ಜ್ವರ ಬಂದ ರಾತ್ರಿಯೂ ನಾನು ಇನ್ಯಾರದೋ ಮನೆಯ ಪ್ರಾರ್ಥನೆಯಲ್ಲಿದ್ದೆ. "ಪೂರ್ಣ ಹೃದಯದಿಂದ" ಅನ್ನುವ ಮಾತಿಗೆ ನಾನು ಹಚ್ಚಿಕೊಂಡಿದ್ದ ಅರ್ಥ ಇಷ್ಟೇ: ಕೂಟ ಜಾಸ್ತಿ, ಗಂಟಲು ಜೋರು.

ಆಗಲೇ ಸಭೆಗೆ ಹೊಸ ಮೈಕ್ ಸೆಟ್ ತರಲು ಹಣ ಕೂಡಿಸಿದರು. ನಾನು 10,000 ರೂಪಾಯಿ ಕೊಟ್ಟೆ. ಹೆಸರು ಓದಿದರು, ಚಪ್ಪಾಳೆ ಬಿತ್ತು. ಆ ಹಣ ಎಲ್ಲಿಂದ ಬಂತು ಅಂತ ಈಗ ಲೆಕ್ಕ ಹಾಕಿದರೆ, ಹೆಚ್ಚು ಕಡಿಮೆ ಎರಡು ಮನೆಯ ಹಸಿರು ತಂತಿ.

ಕೂತು ಯೋಚಿಸಿ ಮಾಡಿದ ಮೋಸ ಅದಲ್ಲ. ತಾಮ್ರದ ರೇಟು ಏರಿತ್ತು. ಗುತ್ತಿಗೆ ಮೊದಲೇ ಒಪ್ಪಿಯಾಗಿತ್ತು. ಮೊದಲ ಮನೆಯಲ್ಲಿ "ಮೇಲೆ ಹೇಗೂ ಫ್ಯಾನು, ಲೈಟು ಅಷ್ಟೇ ತಾನೇ" ಅಂತ ಬಿಟ್ಟೆ. ಎರಡನೆಯದರಲ್ಲಿ ಯೋಚನೆಯೇ ಬರಲಿಲ್ಲ. ಪ್ಲಾಸ್ಟರ್ ಮುಗಿದು ಬಣ್ಣ ಹೊಡೆದ ಮೇಲೆ ಗೋಡೆಯೊಳಗೆ ಏನಿದೆ ಅಂತ ಯಾರು ನೋಡುತ್ತಾರೆ?

2019ರ ಮಳೆಗಾಲದಲ್ಲಿ ಒಂದು ಮನೆಯಿಂದ ಕರೆ ಬಂತು. ಅದು ಬೇರೆ ಯಾರೋ ವೈರಿಂಗ್ ಮಾಡಿದ ಮನೆ. ಬಟ್ಟೆ ತೊಳೆಯುವ ಮಷೀನು ಮುಟ್ಟಿದರೆ ಜುಂ ಅನ್ನುತ್ತದೆ ಅಂದರು. ಆ ಮನೆಯ ಸೊಸೆ ಒದ್ದೆ ಕೈಯಲ್ಲಿ ಮುಟ್ಟಿ ಹಿಂದಕ್ಕೆ ಬಿದ್ದಿದ್ದಳು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಸಾಕೆಟ್ ಬಿಚ್ಚಿದೆ. ಮೂರನೇ ಪಿನ್ನಿನ ಹಿಂದೆ ಖಾಲಿ. "ಯಾರ್ರೀ ಈ ಕೆಲಸ ಮಾಡಿದ್ದು?" ಅಂತ ಬೈಯಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಶಾಲೆಯಲ್ಲಿ ಕಲಿತ ಆ ಐಶ್ವರ್ಯವಂತನ ಕತೆ, ಲೂಕ 12ರದ್ದು, ನೆನಪಾಯಿತು. ಕಣಜ ಕಿತ್ತು ದೊಡ್ಡದು ಕಟ್ಟಿಸುತ್ತೇನೆ ಅಂದುಕೊಂಡು ಮಲಗಿದವನ ಪ್ರಾಣವನ್ನು ದೇವರು ಅದೇ ರಾತ್ರಿ ಕೇಳಿದರು. ಅದನ್ನು ನಾನು ಯಾವಾಗಲೂ ಶ್ರೀಮಂತರಿಗೆ ಹೇಳಿದ ಮಾತು ಅಂತ ತಿಳಿದಿದ್ದೆ. ಅವತ್ತು ನನ್ನನ್ನು ಹೆದರಿಸಿದ್ದು ನರಕದ ಯೋಚನೆ ಅಲ್ಲ. ನಾಳೆ ನಾನು ಹೋದರೂ ನನ್ನ ಸುಳ್ಳು ಆ ನಾಲ್ಕು ಮನೆಗಳ ಗೋಡೆಯೊಳಗೆ ಹಾಗೇ ಕೂತಿರುತ್ತದಲ್ಲ ಅಂತ.

ಹೆಂಡತಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ದೇವರ ಮುಂದ ಹೇಳೀರಲ್ಲ, ಅಷ್ಟ ಸಾಲೂದಿಲ್ಲೇನು?" ಅಂದಳು. ಮಗಳ ಕಾಲೇಜಿನ ಫೀಸು ಅವಳ ಕಣ್ಣ ಮುಂದಿತ್ತು. ತಪ್ಪಲ್ಲ. "ಶಾಕ್ ಹೊಡಿಯೂದು ದೇವರಿಗಲ್ಲ" ಅಂದೆ. ಬೆಳಿಗ್ಗೆ ಅವಳೇ ಬೀರುವಿನಿಂದ ಹಣ ತೆಗೆದು ಕೊಟ್ಟಳು.

ಮೊದಲು ಹೋದದ್ದು ಒಬ್ಬ ನಿವೃತ್ತ ಮಾಸ್ತರರ ಮನೆಗೆ. ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದರು. "ಏನಪಾ, ಹಾದಿ ತಪ್ಪಿ ಬಂದೀಯೇನು?" ಅಂದರು. ದಾರಿಯುದ್ದಕ್ಕೂ ಐದಾರು ಮಾತು ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ಮರೆತುಹೋಯಿತು. "ಮಾಸ್ತರ, ನಿಮ್ಮ ಮ್ಯಾಲಿನ ಮನ್ಯಾಗ ಅರ್ಥಿಂಗ್ ಇಲ್ಲ. ನಾ ಹಾಕಿಲ್ಲ. ರೊಕ್ಕ ತಗೊಂಡಿದ್ದೆ" ಅಂದುಬಿಟ್ಟೆ.

ಅವರು ಚಷ್ಮಾ ತೆಗೆದರು. "ಮ್ಯಾಲೆ ಮೊಮ್ಮಕ್ಕಳು ಮಲಗತಾವಲ್ಲೋ" ಅಂದರು.

ಅಷ್ಟೇ. ಬೈದಿದ್ದರೆ ಹಗುರ ಆಗುತ್ತಿತ್ತು. ಅವತ್ತು ಆ ಮನೆಯಲ್ಲಿ ಚಾ ಕೂಡ ಬರಲಿಲ್ಲ. ಧಾರವಾಡದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕೆಲಸ ಮೂರು ದಿನ ಹಿಡಿಯಿತು. ಗೋಡೆಯೊಳಗಿನ ಹಳೇ ಪೈಪಿನಲ್ಲಿ ಹೊಸ ತಂತಿ ಸುಲಭಕ್ಕೆ ಹೋಗುವುದಿಲ್ಲ. ಇದ್ದ ತಂತಿಯ ತುದಿಗೆ ಹೊಸದನ್ನೂ ಕಟ್ಟಿ, ಸೋಪಿನ ನೀರು ಸವರಿ, ಒಬ್ಬ ಎಳೆಯಬೇಕು, ಇನ್ನೊಬ್ಬ ತಳ್ಳಬೇಕು. ಎರಡು ಕಡೆ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೂರು ಅಡಿ ಗೋಡೆ ಒಡೆದು ಪೈಪು ಬದಲಿಸಿದೆ. ಪ್ಲಾಸ್ಟರು, ಬಣ್ಣ ಎಲ್ಲ ನನ್ನದೇ ಖರ್ಚು. ಹಿತ್ತಿಲಿನ ಅರ್ಥ್ ಗುಂಡಿಯೂ ಒಣಗಿತ್ತು, ಇದ್ದಿಲು ಉಪ್ಪು ಹಾಕಿ ನೀರು ಹೊಯ್ದು ಸರಿ ಮಾಡಿದೆ. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು, ಕೂರಿಸಿದೆ. ಅದು ಮೊದಲ ಎಸ್ಟಿಮೇಟಿನಲ್ಲಿ ಇರಲಿಲ್ಲ. ಸುಮಾರು 14,000 ರೂಪಾಯಿ ಆಯಿತು. ಮೂರನೆಯ ದಿನ ಸಂಜೆ ಮಾಸ್ತರ್ ಮೇಲೆ ಬಂದು ನಿಂತರು. ಟೆಸ್ಟ್ ಬಟನ್ ಒತ್ತಿ ತೋರಿಸಿದೆ, ಟಪ್ ಅಂತ ಬಿತ್ತು. ಒಂದೊಂದು ಸಾಕೆಟ್ ಬಿಚ್ಚಿ ಹಸಿರು ತಂತಿ ತೋರಿಸಿದೆ. ಕೆಳಗೆ ಇಳಿದಾಗ ಚಾ ಬಂತು.

ಎರಡನೇ ಮನೆಯವರು ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ಕೂಗಾಡಬೇಕಾದದ್ದೇ. ಅವರ ಬಾಯಿಂದ ಸುದ್ದಿ ಹಬ್ಬಿ ನನಗೆ ಎರಡು ಕೆಲಸ ಕೈತಪ್ಪಿದವು. ಮೂರನೆಯವರು ನಕ್ಕು, "ಬಿಡೋ ಮಾರಾಯಾ, ಏನೂ ಆಗಿಲ್ಲಲ್ಲ" ಅಂದರು. ಅಲ್ಲಿ ತಂತಿ ಎಳೆಯಲು ನಾನೇ ಕೈಮುಗಿಯಬೇಕಾಯಿತು.

ಇಲ್ಲೊಂದು ಮಾತು. ಹಣ ಖರ್ಚು ಮಾಡಿ ಪರಲೋಕದಲ್ಲಿ ಸೀಟು ಹಿಡಿದೆ ಅಂತ ಯಾರೂ ತಿಳಿಯಬೇಡಿ. ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ ಅಂತ ಎಫೆಸ 2ನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವರು ನಾವು. ಆದರೆ ಅದೇ ವಚನವನ್ನು ನಾನು ಎಂಟು ವರ್ಷ ಹೊದಿಕೆ ಮಾಡಿಕೊಂಡಿದ್ದೆ. ಬೈಬಲಿನಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯನ ಕತೆ ನೋಡಿ. ಯೇಸು ಮೊದಲು ಅವನ ಮನೆಗೆ ಬಂದರು, ಮೋಸದ ಹಣ ವಾಪಸು ಕೊಡುತ್ತೇನೆ ಅಂತ ಅವನು ಹೇಳಿದ್ದು ಆಮೇಲೆ. ಮನೆಗೆ ಬಂದವರು ಕೂತೇ ಇದ್ದಾರೆ, ಇವನ ಬಾಯಿಂದ ಆ ಮಾತು ಮಾತ್ರ ಹೊರಡುತ್ತಿಲ್ಲ ಅನ್ನುವಂತಿತ್ತು ನನ್ನ ಕತೆ. ಅವನು ನಾಲ್ಕರಷ್ಟು ಕೊಟ್ಟ. ಅಷ್ಟು ನನ್ನ ಹತ್ತಿರ ಇರಲಿಲ್ಲ, ಇದ್ದಷ್ಟು ಕೊಟ್ಟೆ.

ಕೊಲೊಸ್ಸೆ 3ರಲ್ಲಿ, ಏನು ಮಾಡಿದರೂ ಮನುಷ್ಯರಿಗೋಸ್ಕರ ಅಲ್ಲ, ಕರ್ತನಿಗೋಸ್ಕರ ಅಂತ ಮನಸ್ಸಿಟ್ಟು ಮಾಡಿ ಎಂದು ಪೌಲನು ಬರೆದಿದ್ದಾನೆ. ಕ್ಯಾಲೆಂಡರಿನಲ್ಲಿ ಹಾಕುವ ವಚನ ಅದು. ಆದರೆ ಯಾರಿಗೆ ಬರೆದದ್ದು? ಮನೆ ದಾಸರಿಗೆ, ಕೂಲಿಯೂ ಇಲ್ಲದೆ ದುಡಿಯುವವರಿಗೆ. ಅದರ ಹಿಂದಿನ ವಚನದಲ್ಲಿ, ಯಜಮಾನ ನೋಡುತ್ತಿರುವಾಗ ಮಾತ್ರ ಕೆಲಸ ಮಾಡುವವರ ಹಾಗೆ ಇರಬೇಡಿ ಅನ್ನುತ್ತಾನೆ. ಅದನ್ನು ಯಾರೂ ಕ್ಯಾಲೆಂಡರಿನಲ್ಲಿ ಹಾಕುವುದಿಲ್ಲ. ಕನ್ಸೀಲ್ಡ್ ವೈರಿಂಗ್ ಮಾಡುವವನಿಗೆ ಇದಕ್ಕಿಂತ ನೇರವಾಗಿ ಹೇಳಲು ಆಗುತ್ತದಾ?

ಹಳೇ ಹಂಚಿನ ಮನೆಗಳಲ್ಲಿ ತಂತಿ ಎಳೆಯುವಾಗ ಒಂದೊಂದು ಸಲ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿಗಳ ಬಾಸೆಲ್ ಮಿಶನ್ನಿನ ಹಂಚು ಸಿಗುತ್ತದೆ. ಕಾರ್ಖಾನೆಯ ಹೆಸರು, 1865 ಅಂತ ಇಸವಿ ಒತ್ತಿರುತ್ತದೆ. ಅದು ಹಂಚು ಸುಟ್ಟ ವರ್ಷವಲ್ಲ, ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಮಿಶನ್ನಿನವರು ಧಾರವಾಡಕ್ಕೆ ಬಂದದ್ದು ಅದಕ್ಕೂ ಮೊದಲು, 1837ರಲ್ಲಿ. ಮತಾಂತರವಾಗಿ ಜಾತಿಯಿಂದ ಹೊರಬಿದ್ದು ಹೊಟ್ಟೆಪಾಡು ಕಳೆದುಕೊಂಡವರಿಗೆ ದುಡಿಮೆ ಬೇಕಿತ್ತು. ನೇಯ್ಗೆ, ಹಂಚಿನ ಕಾರ್ಖಾನೆಗಳು ಹೀಗೆ ಶುರುವಾದವು. ಮಳೆಗೆ ಸೋರದ ಒಂದು ಹಂಚು ಕೈಯಲ್ಲಿ ಹಿಡಿದು ಅಟ್ಟದ ಮೇಲೆ ಕೂತಾಗ ನನಗೆ ಅನ್ನಿಸುತ್ತದೆ, ಇದನ್ನು ಅಚ್ಚಿಗೆ ಒತ್ತಿದವನ ಹೆಸರು ಯಾರಿಗೂ ಗೊತ್ತಿಲ್ಲ, ಹಂಚು ಮಾತ್ರ ಸೀಳಿಲ್ಲ.

ಈಗ ನಾನು ಮಾಡುವುದು ಸರಳ. ಕೆಲಸದ ಮನೆ ಮುಂದೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯುವ ಮುಂಚೆ ಎರಡು ಮಾತು ಪ್ರಾರ್ಥನೆ. ಹೆಲ್ಮೆಟ್ ಒಳಗೆ ಯಾರಿಗೂ ಕಾಣುವುದಿಲ್ಲ, ಅದು ಒಳ್ಳೆಯದೇ. ಪ್ಲಾಸ್ಟರ್ ಆಗುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡುತ್ತೇನೆ. ನನ್ನನ್ನು ನಾನೇ ನಂಬುವುದಿಲ್ಲ, ಅದಕ್ಕೆ. ಕಾಣಿಕೆಯನ್ನು ಕೂಲಿ ಕೈಗೆ ಬಂದ ದಿನವೇ ತೆಗೆದಿಡುತ್ತೇನೆ. ನಮ್ಮವ್ವ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಉಂಡು ಮಿಕ್ಕಿದ್ದರಲ್ಲಿ ಕೊಟ್ಟದ್ದನ್ನು ನಾನು ನೋಡಿಲ್ಲ.

ಮಾಡಿ ಸೋತದ್ದೂ ಇದೆ. ಕೀರ್ತನೆ 90ರಲ್ಲಿ ದಿನಗಳನ್ನು ಎಣಿಸುವುದು ಕಲಿಸು ಅಂತ ಮೋಶೆಯ ಪ್ರಾರ್ಥನೆ ಇದೆ. ಅಲ್ಲೇ ಎಪ್ಪತ್ತು ವರ್ಷ ಅನ್ನುವ ಲೆಕ್ಕವೂ ಇದೆ. ಆಗ ನನಗೆ 46. ಉಳಿದದ್ದು 24 ವರ್ಷ, ಅಂದರೆ 1,248 ಭಾನುವಾರ. ನೋಟ್‌ಬುಕ್ಕಿನಲ್ಲಿ ಬರೆದು ವಾರಕ್ಕೊಂದು ಹೊಡೆದು ಹಾಕತೊಡಗಿದೆ. ಎರಡು ತಿಂಗಳಲ್ಲಿ ಮನೆಯವರಿಗೆಲ್ಲ ಸಾಕಾಯಿತು. ಮಗಳು ಒಂದು ಐಸ್‌ಕ್ರೀಮ್ ತಿನ್ನೋಣ ಅಂದರೂ "ಸಮಯ ಎಲ್ಲಿದೆ" ಅನ್ನುವ ಮನುಷ್ಯನಾಗಿದ್ದೆ. ಸಾವನ್ನು ನೆನೆಯುವುದು ಬೇರೆ, ನಿತ್ಯಜೀವವನ್ನು ನೆನೆಯುವುದು ಬೇರೆ ಅಂತ ತಿಳಿದದ್ದು ಆಗ. ಯೋಹಾನ 17ರಲ್ಲಿ ದೇವರನ್ನು ಅರಿಯುವುದೇ ನಿತ್ಯಜೀವ ಅಂತಿದೆ. ಹಾಗಾದರೆ ಅದು ಈಗಾಗಲೇ ಶುರುವಾಗಿದೆ ಅಲ್ವಾ? ಶುರುವಾದದ್ದಕ್ಕೆ ಆತುರ ಯಾಕೆ? ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಈಗ ಸಾಮಾನಿನ ಪಟ್ಟಿ ಇದೆ.

ಎಲ್ಲಕ್ಕಿಂತ ಕಷ್ಟದ್ದು ಅಣ್ಣನ ವಿಷಯ. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಿನಲ್ಲಿ ಮಾತು ಬಿದ್ದು ಆರು ವರ್ಷ ನಾವು ಮಾತಾಡಿರಲಿಲ್ಲ. ಆ ಆರು ವರ್ಷವೂ ನಾನು ಸಭೆಯಲ್ಲಿ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆಗೆ, ಮೊಣಕಾಲೂರಿದ್ದೇನೆ. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ ಮೊದಲು ಹೋಗಿ ಒಂದಾಗು ಅಂತ ಮತ್ತಾಯ 5ರಲ್ಲಿದೆ. ಮಾಸ್ತರರ ಮನೆ ಕೆಲಸ ಮುಗಿದ ಮುಂದಿನ ತಿಂಗಳು, ಭೋಜನದ ಭಾನುವಾರ, ನನ್ನ ಸಾಲು ಏಳುವ ಹೊತ್ತಿಗೆ ನಾನು ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಗದಗಿನ ಬಸ್ಸು ಹತ್ತಿದೆ. ಅಣ್ಣ ಇರುವುದು ಬೆಟಗೇರಿಯಲ್ಲಿ.

ಬಾಗಿಲು ತೆಗೆದದ್ದು ವೈನಿ. ಒಂದು ಗಳಿಗೆ ನೋಡಿ, "ಬರ್ರಿ, ಕೈಕಾಲು ತೊಳಕೋರಿ, ಊಟಾ ಮಾಡೂಣು" ಅಂದರು. ಅಣ್ಣ ತಾಟಿನಿಂದ ತಲೆ ಎತ್ತಲಿಲ್ಲ. ನಾನು ಹೇಳಬೇಕಾದದ್ದು ಹೇಳಿದೆ: ಪಾಲಿನಲ್ಲಿ ಯಾರದು ಸರಿ ಅನ್ನುವುದು ಹಾಗಿರಲಿ, ಅಪ್ಪನ ಮಣ್ಣಿನ ದಿನ ನಾಲ್ಕು ಜನರ ಮುಂದೆ ಅವನಿಗೆ ಅಂದ ಮಾತು ನನ್ನ ತಪ್ಪು. ಅವನು ರೊಟ್ಟಿ ಮುರಿಯುತ್ತಲೇ ಇದ್ದ. ಕೊನೆಗೆ, "ಪಲ್ಯಾ ಹಾಕ್ಯೋ" ಅಂದ. ಅಪ್ಪಿಕೊಂಡು ಅಳುವ ಸಾಕ್ಷಿಗಳನ್ನು ಸಭೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ನಮ್ಮದು ಹಾಗಾಗಲಿಲ್ಲ. ಈಗಲೂ ಮಾತು ಕಡಿಮೆಯೇ. ಈಸ್ಟರಿನ ಮುಂಚಿನ ಶನಿವಾರ ಅವನು ಧಾರವಾಡಕ್ಕೆ ಬರುತ್ತಾನೆ. ಇಬ್ಬರೂ ಅಪ್ಪನ ಸಮಾಧಿಯ ಹುಲ್ಲು ಕಿತ್ತು ಸುಣ್ಣ ಬಳಿಯುತ್ತೇವೆ. ಬ್ರಶ್ಶು ಒಂದೇ ಇರುವುದರಿಂದ ಸರದಿ.

ನಾಲ್ಕನೇ ಮನೆ ಬಾಕಿ ಇದೆ. ಮಾಲೀಕರು ಮಗನ ಜೊತೆ ಪುಣೆಯಲ್ಲಿದ್ದಾರೆ, ಮನೆಗೆ ಬೀಗ. ಹೇಗೋ ನಂಬರ್ ಸಿಕ್ಕು ಫೋನ್ ಮಾಡಿ, "ಸರ್, ನಿಮಗೆ ನಾನು ಹಣ ಕೊಡಬೇಕು" ಅಂದೆ. ಫ್ರಾಡ್ ಕಾಲ್ ಅಂತ ತಿಳಿದು ಕಟ್ ಮಾಡಿದರು. ಮತ್ತೆ ಮಾಡಿದರೆ ನಂಬರೇ ಬ್ಲಾಕ್! ಹೆಂಡತಿಯ ಫೋನಿನಿಂದ ಮಾಡಿ, ಅವರ ಮನೆಯ ಮೆಟ್ಟಿಲು, ಮೋಟಾರು ಎಲ್ಲಿದೆ ಅಂತೆಲ್ಲ ಗುರುತು ಹೇಳಿದ ಮೇಲೆ ನಂಬಿದರು. ದಸರೆಗೆ ಊರಿಗೆ ಬರುತ್ತಾರಂತೆ. ಅಲ್ಲಿಯವರೆಗೆ ಮೇಲಿನ ಮಹಡಿಯ ಮೇನ್ ಆಫ್ ಮಾಡಿಸಿದ್ದೇನೆ, ಪಕ್ಕದ ಮನೆಯವರ ಹತ್ತಿರ ಕೀಲಿ ಇತ್ತು. 90 ಮೀಟರಿನ ಒಂದು ಸುತ್ತು ಹಸಿರು ತಂತಿ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ. ಬೇರೆ ಕೆಲಸಕ್ಕೆ ತಂತಿ ಕಡಿಮೆ ಬಿದ್ದಾಗ ಹುಡುಗರು ಅದಕ್ಕೆ ಕೈ ಹಾಕದಿರಲಿ ಅಂತ ಹೆಂಡತಿ ಅದರ ಮೇಲೆ ಆ ಮನೆಯವರ ಹೆಸರು ಬರೆದು ಚೀಟಿ ಅಂಟಿಸಿದ್ದಾಳೆ.