ಒಂದು ಗೇಟ್‌ವೇ ಕೈಕೊಟ್ಟರೂ ಫೋನ್ ರಿಂಗ್ ಆಗಬೇಕು

ಜಯನಗರದ ಒಂದು ರಕ್ತಪರೀಕ್ಷೆ ಲ್ಯಾಬ್‌ಗೆ ಇಂಟರ್ನೆಟ್ ಫೋನ್ ವ್ಯವಸ್ಥೆ ಮಾಡಿಕೊಟ್ಟವನು ನಾನು. 080 ನಂಬರ್‌ಗೆ ಬರುವ ಕಾಲ್‌ಗಳು ಸಿಪ್ (ಇಂಟರ್ನೆಟ್ ಕಾಲ್ ಜೋಡಿಸುವ ನಿಯಮ) ಟ್ರಂಕ್‌ನಲ್ಲಿ, ಅಂದರೆ ಫೋನ್ ಕಂಪನಿ ಕೊಡುವ ಲೈನ್‌ನಲ್ಲಿ ಬರುತ್ತವೆ. ಅವನ್ನು ಫೋನ್‌ಗಳಿಗೆ ತಲುಪಿಸುವ ಯಂತ್ರ, ಅಂದರೆ ಗೇಟ್‌ವೇ, ಎರಡಿವೆ: ಒಂದು ಲ್ಯಾಬ್‌ನಲ್ಲೇ, ಇನ್ನೊಂದು ರಾಜಾಜಿನಗರದ ಶಾಖೆಯಲ್ಲಿ. ಡೇಟಾ ಸೆಂಟರ್‌ನಲ್ಲಿ ಕಮೈಲಿಯೋ ಅನ್ನುವ ಸಾಫ್ಟ್‌ವೇರ್ ಓಡುವ ಸರ್ವರ್ ಮೊದಲು ಜಯನಗರಕ್ಕೆ, ಅಲ್ಲಿ ಆಗದಿದ್ದರೆ ರಾಜಾಜಿನಗರಕ್ಕೆ ಕಾಲ್ ಕಳಿಸುತ್ತದೆ. ಆ ಸರ್ವರ್‌ಗೂ ಒಂದು ಜೋಡಿ ಇಟ್ಟಿದ್ದೇನೆ.

ಸರದಿ ಬರೆಯುವುದು ಸುಲಭ. ಮೊದಲನೆಯದು ಸತ್ತಿದೆ ಅಂತ ಬೇಗ ಗೊತ್ತುಮಾಡಿಕೊಳ್ಳುವುದೇ ಕಷ್ಟ.

ಯುಡಿಪಿಯಲ್ಲಿ (ಸಂದೇಶ ತಲುಪಿತೋ ಇಲ್ಲವೋ ತಾನೇ ನೋಡದ ಸಾಗಣೆ ವಿಧಾನ) ಇನ್ವೈಟ್‌ಗೆ, ಅಂದರೆ ಕಾಲ್ ಶುರುಮಾಡುವ ಸಂದೇಶಕ್ಕೆ, ಉತ್ತರ ಬರದಿದ್ದರೆ, ಸಿಪ್ ನಿಯಮದಂತೆ ಅರ್ಧ ಸೆಕೆಂಡ್ ಬಿಟ್ಟು ಮತ್ತೆ ಕಳಿಸಬೇಕು. ಆಮೇಲೆ 1, 2, 4 ಸೆಕೆಂಡ್ ಹೀಗೆ ಅಂತರ ಹೆಚ್ಚುತ್ತಾ ಹೋಗಿ 32 ಸೆಕೆಂಡ್‌ಗೆ ಕೈಬಿಡಬೇಕು. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಕಮೈಲಿಯೋದ ಎಫ್‌ಆರ್ ಟೈಮರ್ ಕೂಡ ನಾವು ಬದಲಾಯಿಸುವವರೆಗೆ 30 ಸೆಕೆಂಡ್ ಇರುತ್ತದೆ. ರಿಪೋರ್ಟ್ ಬಂತಾ ಅಂತ ಕೇಳಲು ಫೋನ್ ಮಾಡಿದ ಅಜ್ಜಿ ಅಷ್ಟು ಹೊತ್ತು ಸುಮ್ನೆ ಕಾಯುತ್ತಾರಾ? ಇಟ್ಟುಬಿಡುತ್ತಾರೆ. ಆ ಟೈಮರನ್ನು 2 ಸೆಕೆಂಡ್‌ಗೆ ಇಳಿಸಿದೆ. ಜೀವ ಇರುವ ಗೇಟ್‌ವೇ ತಕ್ಷಣ '100 ಟ್ರೈಯಿಂಗ್' (ಪ್ರಯತ್ನಿಸುತ್ತಿದ್ದೇನೆ) ಅನ್ನುತ್ತದೆ, ಹಾಗಾಗಿ ಅಷ್ಟು ಸಾಕು. ರಿಂಗ್ ಆಗುವ ಹೊತ್ತಿಗೆ ಬೇರೆ ಟೈಮರ್ ಇದೆ, ಅದನ್ನು ಮುಟ್ಟಲಿಲ್ಲ. ಜೊತೆಗೆ 10 ಸೆಕೆಂಡ್‌ಗೊಮ್ಮೆ ಆಪ್ಷನ್ಸ್ ಪಿಂಗ್, ಅಂದರೆ 'ಇದ್ದೀಯಾ' ಅಂತ ಗೇಟ್‌ವೇಯನ್ನು ಕೇಳುವ ಸಂದೇಶ. ಸತತ 3 ಸಲ ಉತ್ತರ ಇಲ್ಲದಿದ್ದರೆ ಆ ಗೇಟ್‌ವೇ ಸರದಿಯಿಂದ ಹೊರಗೆ. ವಾಪಸ್ ಸೇರಿಸಲು ಇನ್ನೂ ಜಾಸ್ತಿ ಸಲ ಉತ್ತರ ಬರಬೇಕು. ಇಲ್ಲದಿದ್ದರೆ ಲೈನ್ ಹೋಗಿ ಬಂದು ಮಾಡುವಾಗ ಕಾಲ್‌ಗಳೂ ಅತ್ತಿತ್ತ ಅಲೆಯುತ್ತವೆ.

ಯಾವ ಉತ್ತರಕ್ಕೆ ಮುಂದಿನ ಗೇಟ್‌ವೇಗೆ ಹೋಗಬೇಕು ಅನ್ನುವುದೂ ಮುಖ್ಯ. 503 (ಈಗ ಸೇವೆ ಇಲ್ಲ) ಬಂದರೆ, ಇಲ್ಲವೇ ಟೈಮ್ ಮುಗಿದರೆ ಹೋಗಲಿ. 486 ಅಂದರೆ ಬ್ಯುಸಿ, ಯಾರೋ ಮಾತಾಡುತ್ತಿದ್ದಾರೆ ಅಷ್ಟೇ. ಅಂಥ ಕಾಲನ್ನು ಕ್ಯೂಗೆ ಹಾಕಿದೆ. ಜಯನಗರದ ರಿಪೋರ್ಟ್ ಬಗ್ಗೆ ರಾಜಾಜಿನಗರದವರು ಏನು ಹೇಳಿಯಾರು, ಅಲ್ವಾ? 404 ಬಂದರೆ ನಂಬರ್ ಸೆಟ್ಟಿಂಗ್ ತಪ್ಪಿದೆ ಅಂತ ಅರ್ಥ. ಅದನ್ನು ಎರಡನೇ ಗೇಟ್‌ವೇಗೆ ತಳ್ಳಿದರೆ ತಪ್ಪು ಮುಚ್ಚಿಹೋಗುತ್ತದೆ. ನನಗೆ ಮೆಸೇಜ್ ಬರುವ ಹಾಗೆ ಮಾಡಿದೆ.

ನಮ್ಮೂರಲ್ಲಿ ರಸ್ತೆ ಅಗೆತ ನಿಲ್ಲುವುದಿಲ್ಲ. ಎರಡು ಕಂಪನಿಯ ಫೈಬರ್ ತಗೊಂಡರೂ ಎರಡೂ ಒಂದೇ ಗುಂಡಿಯಲ್ಲಿ ಹಾದುಹೋದರೆ ಜೆಸಿಬಿಗೆ ಎರಡೂ ಒಟ್ಟಿಗೇ ಸಿಗುತ್ತವೆ. ಹಾಗಾಗಿ ರಾಜಾಜಿನಗರದಲ್ಲಿ ಫೈಬರ್ ಜೊತೆ ಸಿಮ್ ಹಾಕುವ ರೂಟರ್ ಕೂಡ ಇಟ್ಟೆ. ಗೇಟ್‌ವೇ ಜೊತೆಗೆ ಫೈಬರ್ ಮೋಡೆಮ್‌ಗೂ ಯುಪಿಎಸ್ ಕೊಟ್ಟೆ.

ಪರೀಕ್ಷೆ ಮಾಡುವಾಗ ಗೇಟ್‌ವೇಯ ಸಾಫ್ಟ್‌ವೇರ್ ನಿಲ್ಲಿಸಿ ನೋಡಿದರೆ ಸಾಲದು. ಯಂತ್ರ ಆನ್ ಇದ್ದರೆ 'ಆ ಪೋರ್ಟ್ ಇಲ್ಲ' ಅಂತ ಅದೇ ತಿಳಿಸಿಬಿಡಬಹುದು, ಆಗ ಸರ್ವರ್ ಕಾಯದೇ ಮುಂದಿನ ಗೇಟ್‌ವೇಗೆ ಹೋಗುತ್ತದೆ, ಎಲ್ಲಾ ಚೆನ್ನಾಗೇ ಕಾಣುತ್ತದೆ. ಭಾನುವಾರ ಮಧ್ಯಾಹ್ನ, ಕಾಲ್ ಕಡಿಮೆ ಇರುವಾಗ, ನಾನು ನೆಟ್‌ವರ್ಕ್ ಕೇಬಲ್ಲನ್ನೇ ಕೀಳುತ್ತೇನೆ. ತಕ್ಷಣ, ಪಿಂಗ್‌ಗೆ ಗೊತ್ತಾಗುವ ಮೊದಲೇ, ಮೊಬೈಲ್‌ನಿಂದ 080 ನಂಬರ್‌ಗೆ ಫೋನ್ ಮಾಡುತ್ತೇನೆ.