ನೆಲ ಒಡೆಯದೆ ಸಿಂಕ್ ಜಾಗ ಬದಲಿಸಿದ್ದು: ನನ್ನ ಅನುಭವ

"ಸಿಂಕಿನ ನೀರಿಗೆ 16 ಅಡಿ ಅಡ್ಡ ಪೈಪಾ? ಆರು ತಿಂಗಳಲ್ಲಿ ಕಟ್ಟಿಕೊಳ್ಳುತ್ತೆ, ಆಮೇಲೆ ನೆಲ ಒಡೀಲೇಬೇಕು" ಅಂತ ಗಾರೆ ಮೇಸ್ತ್ರಿ ನಕ್ಕಿದ್ದರು. ಒಂದು ಸಲ ಕೆಟ್ಟು ಮತ್ತೆ ಹಾಕಿದ ಮೇಲೆ ಈಗ ಎರಡು ಮಳೆಗಾಲ ಕಳೆದಿದೆ. ಒಂದು ಸಲವೂ ಕಡ್ಡಿ ಹಾಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪ್ಲಂಬಿಂಗ್ ಕೆಲಸದವನು. ಕೆಲಸ ಸಿಕ್ಕಿದ್ದು ಮೈಸೂರಿನ ಒಂಟಿಕೊಪ್ಪಲಿನ ಹಳೇ ಮನೆಯಲ್ಲಿ. ಅಡುಗೆಮನೆಗೆ ರೆಡ್ ಆಕ್ಸೈಡ್ ನೆಲ, ಮುಖ ಕಾಣುವಷ್ಟು ಹೊಳಪು. ಸಿಂಕ್ ಒಲೆಯ ಪಕ್ಕದಲ್ಲೇ ಇತ್ತು. ವಾಸ್ತು ಪ್ರಕಾರ ಅದು ಈಶಾನ್ಯಕ್ಕೆ ಹೋಗಬೇಕು, ಆದರೆ ನೆಲಕ್ಕೆ ಉಳಿ ತಾಗಬಾರದು ಅಂದರು ಮನೆಯ ಅಮ್ಮ. "ನಮ್ಮತ್ತೆ ಕಾಲದ ನೆಲ ಕಣಪ್ಪಾ, ಒಡೆದರೆ ಆ ಬಣ್ಣ ಮತ್ತೆ ಬರಲ್ಲ." ಮಾತು ನಿಜ. ರೆಡ್ ಆಕ್ಸೈಡಿಗೆ ತೇಪೆ ಹಾಕಿ ಗೆದ್ದವರನ್ನು ನಾನಂತೂ ನೋಡಿಲ್ಲ. ಬೇರೆಯವರು ನೆಲ ಅಗೆದು ಟೈಲ್ಸ್ ಹಾಕಲು 38,000 ಕೇಳಿದ್ದರಂತೆ. ನಾನು 11,000ಕ್ಕೆ ಒಪ್ಪಿಕೊಂಡೆ. ಒಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಬಾಯಿ ಮುಚ್ಚಿ ಅಲ್ಲೇ ಬಿಡುವುದು, ಹೊಸದನ್ನು ಪೂರ್ವದ ಗೋಡೆಯ ಹೊರಗಿಂದ ಗಲ್ಲಿ ಟ್ರ್ಯಾಪಿಗೆ (ಹೊರಗೆ ನೆಲದಲ್ಲಿರುವ, ವಾಸನೆ ತಡೆಯುವ ನೀರಿನ ಗುಂಡಿಗೆ) ಒಯ್ಯುವುದು, ಇಷ್ಟೇ ಲೆಕ್ಕ.

ಮೊದಲ ಸಲ ಕೆಡಿಸಿದ್ದು ನಾನೇ. ಬೇರೆ ಕೆಲಸದ 50 ಎಂಎಂ ಪೈಪು ಉಳಿದಿತ್ತು. ಸಿಂಕಿಗೆ ಇಷ್ಟು ಸಾಕಲ್ವಾ ಅಂತ ಅದನ್ನೇ ಎಳೆದೆ, ಎರಡು ಕಡೆ 90 ಡಿಗ್ರಿ ಎಲ್ಬೋ (ನೇರ ಮೂಲೆಯ ತಿರುವು) ಬೇರೆ. ಮೂರನೇ ವಾರಕ್ಕೆ ಫೋನು: "ಏನಪ್ಪಾ, ನೀರು ವಾಪಸ್ ಮೇಲಕ್ಕೇ ಬರ್ತಿದೆ!" ಎಲ್ಬೋ ಕತ್ತರಿಸಿ ನೋಡಿದೆ. ಒಳಗೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಜಿಡ್ಡು, ಅದರಲ್ಲಿ ಅನ್ನದ ಅಗುಳು, ತೆಂಗಿನ ನಾರು, ಒಂದು ಕರಿಬೇವಿನ ಕಡ್ಡಿ. ನಡುವೆ ಕಿರುಬೆರಳು ಹೋಗುವಷ್ಟು ತೂತು. ಕಾಫಿ ಕೊಟ್ಟರು, ದುಡ್ಡು ಕೇಳುವ ಮುಖ ನನಗಿರಲಿಲ್ಲ. ಸುಮಾರು 3,200 ಕೈಯಿಂದ ಹೋಯಿತು.

ಕತ್ತರಿಸಿದ ತುಂಡುಗಳನ್ನು ಮನೆಗೆ ತಂದೆ. ಒಂದಕ್ಕೆ ಅಡುಗೆ ಸೋಡಾ, ವಿನೆಗರ್ ಸುರಿದೆ. ನೊರೆ ಜೋರಾಗಿ ಬಂತು, ಜಿಡ್ಡು ಅಲುಗಲಿಲ್ಲ. ಇನ್ನೊಂದಕ್ಕೆ ಕೈ ಸುಡುವಷ್ಟು ಬಿಸಿನೀರು, ಪಾತ್ರೆ ಸೋಪು. ಅರ್ಧ ಗಂಟೆಯಲ್ಲಿ ಪದರ ಪದರವಾಗಿ ಎದ್ದಿತು. ಕುದಿಯುವ ನೀರು ಮಾತ್ರ ಬೇಡ, ಪಿವಿಸಿ ಮೆತ್ತಗಾಗುತ್ತೆ.

ಆಮೇಲೆ ಇಳಿಜಾರಿನ ಪರೀಕ್ಷೆ. 75 ಎಂಎಂ ಪೈಪಿನ ಹತ್ತಡಿ ತುಂಡನ್ನು ಉದ್ದಕ್ಕೆ ಸೀಳಿ ಇಟ್ಟಿಗೆ ಮೇಲಿಟ್ಟೆ. ನೀರು ಬೆರೆಸಿದ ದೋಸೆ ಹಿಟ್ಟು, ಮಿಕ್ಕ ಸಾರು, ಅನ್ನ ಸುರಿದೆ. ಹೆಂಡತಿ ಬೈದಳು, ಕಾಗೆಗಳಿಗೆ ಹಬ್ಬ. ಇಳಿತ 1 ಇಂಚು ಇದ್ದಾಗ ಹಿಟ್ಟು ಅಲ್ಲಲ್ಲೇ ಕೂತಿತು. 10 ಇಂಚು ಕೊಟ್ಟಾಗ ನೀರು ಓಡಿಹೋಯಿತು, ಅಗುಳು ಹಿಂದೆ ಉಳಿಯಿತು. 3 ಇಂಚಿಗೆ ಎಲ್ಲ ಒಟ್ಟಿಗೆ ಹೋಯಿತು. ಅದೇ ಲೆಕ್ಕದಲ್ಲಿ 16 ಅಡಿಗೆ 5 ಇಂಚು ಇಟ್ಟೆ, ಲೆವೆಲ್ ಟ್ಯೂಬಿನಲ್ಲಿ (ಮಟ್ಟ ನೋಡುವ ನೀರು ತುಂಬಿದ ಕೊಳವೆಯಲ್ಲಿ) ನೋಡಿ ಗೋಡೆ ಮೇಲೆ ದಾರ ಹೊಡೆದೆ.

ಈ ಸಲ 75 ಎಂಎಂ ಎಸ್‌ಡಬ್ಲ್ಯುಆರ್ (ಕೊಳಚೆ, ಬಳಸಿದ ನೀರು, ಮಳೆನೀರು ಹರಿಸುವ ಪೈಪು), ಟೈಪ್ ಬಿ. ಅಂಗಡಿಯವರು ಸುಮ್ನೆ ಟೈಪ್ ಎ ಕೈಗಿಡುತ್ತಾರೆ, ಅದು ಮಳೆನೀರಿಗೆ. ಪೈಪಿನ ಮೇಲಿನ ಅಚ್ಚು ಓದಿ ತಗೊಳ್ಳಿ. ಹತ್ತಡಿಗೆ 700ರ ಆಸುಪಾಸು ಕೊಟ್ಟ ನೆನಪು. ತಿರುವಿಗೆಲ್ಲ ಎರಡೆರಡು 45 ಡಿಗ್ರಿ ಬೆಂಡ್. ಶುರುವಿನಲ್ಲೇ ಒಂದು ಡೋರ್ ಟೀ, ಅಂದರೆ ಒಳಗೆ ಶುಚಿ ಮಾಡಲು ಮುಚ್ಚಳ ಇರುವ ಟೀ ಜೋಡಣೆ. ಸಿಂಕಿನ ಕೆಳಗೆ ನೀರು ನಿಲ್ಲಿಸಿ ವಾಸನೆ ತಡೆಯುವ ಟ್ರ್ಯಾಪುಗಳಲ್ಲಿ ಬಾಟಲಿ ಆಕಾರದ ಬಾಟಲ್ ಟ್ರ್ಯಾಪ್ ನೋಡಲು ಚೆಂದ, ಅಡುಗೆಮನೆಗೆ ಆಗಲ್ಲ. ಬಾಗಿದ ಪೈಪಿನ ಪಿ ಟ್ರ್ಯಾಪ್ ಹಾಕಿದೆ. ಎರಡೂವರೆ ಅಡಿಗೊಂದು ಕ್ಲಾಂಪ್.

ಬೆಳಗಿನ ಬಿಸಿಲೆಲ್ಲ ಆ ಗೋಡೆಗೇ. ಹಾಗಾಗಿ ಅಂಟಿಸುವ ಪೈಪು ಬಿಟ್ಟು ಜೋಡಣೆಗೆ ರಬ್ಬರ್ ರಿಂಗ್ ಇರುವುದನ್ನೇ ತಂದೆ. ಪೈಪನ್ನು ಸಾಕೆಟ್ (ಮುಂದಿನ ಪೈಪಿನ ಅಗಲ ಬಾಯಿ) ತಳದವರೆಗೆ ತಳ್ಳಿ, ಪೆನ್ಸಿಲ್ ಗೆರೆ ಎಳೆದು, ಸಣ್ಣ ಬೆರಳಿನಗಲ, ಅಂದರೆ 10 ಎಂಎಂ, ಹಿಂದಕ್ಕೆ ಎಳೆದೆ. ಬಿಸಿಲಿಗೆ ಪೈಪು ಹಿಗ್ಗಲು ಜಾಗ ಬೇಕು. ನನ್ನ ಹುಡುಗ ಒಂದು ಕಡೆ ಇದನ್ನು ಮರೆತಿದ್ದ. ಏಪ್ರಿಲ್‌ನಲ್ಲಿ ಆ ತುಂಡು ಬಿಲ್ಲಿನ ಹಾಗೆ ಬಗ್ಗಿ ಕ್ಲಾಂಪ್ ಕಿತ್ತುಕೊಂಡು ಬಂತು.

ಗೋಡೆ 14 ಇಂಚು ದಪ್ಪ, ಗಾರೆ ಕಟ್ಟಡ. ಇಟ್ಟಿಗೆ ಸಡಿಲವಾಗದಂತೆ ತೂತು ಕೊರೆಯಲು ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಗಲ್ಲಿ ಟ್ರ್ಯಾಪಿನಿಂದ ಚೇಂಬರಿಗೆ (ಒಳಚರಂಡಿಯ ಮುಚ್ಚಳವಿರುವ ಗುಂಡಿಗೆ) ಇದ್ದ ಮಣ್ಣಿನ ಪೈಪು ಬದಲಿಸುವ ಯೋಚನೆ ಮೊದಲು ಇರಲಿಲ್ಲ. ಮುಚ್ಚಳ ತೆಗೆದರೆ ಸೀಬೆ ಮರದ ಬೇರು ಜಡೆ ಹಾಗೆ ಒಳಗೆ ಇಳಿದಿತ್ತು. ಆರಡಿ ಅಗೆದು 110 ಎಂಎಂ ಹಾಕಿದೆ. ಚೇಂಬರ್ ಕಡೆ ಹಳೇ ಪೈಪಿನ ಕೊನೇ ತುಂಡು ಗಟ್ಟಿಯಾಗಿತ್ತು, ಅದನ್ನು ಉಳಿಸಿಕೊಂಡೆ. ಅದರ ಕಾಲರಿಗೆ (ಅಗಲ ಬಾಯಿಗೆ) ಪಿವಿಸಿ ಕೂರಿಸಿ ಬರೀ ಸಿಮೆಂಟ್ ತುಂಬಿದ್ದೆ. ಹದಿನೈದು ದಿನಕ್ಕೆ ಕೂದಲೆಳೆಯಷ್ಟು ಬಿರುಕು, ವಾಸನೆ, ಜಿರಳೆ. ನುಣುಪು ಪಿವಿಸಿಗೆ ಸಿಮೆಂಟ್ ಹಿಡಿಯಲ್ಲ ಅಂತ ಗೊತ್ತಿದ್ದೂ ಮಾಡಿದ ತಪ್ಪು. ಎರಡನೇ ಸಲ ಪೈಪಿನ ಮೈ ಉಜ್ಜಿ ತರಿ ಮಾಡಿ, ಸೆಣಬು ಸುತ್ತಿ ತುಂಬಿದೆ. ಸೆಣಬನ್ನು ಯಾವುದರಲ್ಲಿ ನೆನೆಸಿದೆ ಅಂತ ಮೇಸ್ತ್ರಿ ಮೂರು ಸಲ ಕೇಳಿದ್ದಾರೆ, ಹೇಳಿಲ್ಲ.

ಎಲ್ಲ ಕಳೆದು ನನಗೆ ಉಳಿದಿದ್ದು ಎರಡು ಸಾವಿರವೂ ಇಲ್ಲ. ಅಗೆದು ತೆಗೆದ ಮಣ್ಣಿನ ಪೈಪುಗಳನ್ನು ಬಿಸಾಡಲು ಅಮ್ಮ ಬಿಡಲಿಲ್ಲ. ನೆಟ್ಟಗೆ ನಿಲ್ಲಿಸಿ, ಮಣ್ಣು ತುಂಬಿ ಕನಕಾಂಬರ ಹಾಕಿದ್ದಾರೆ. ಗಿಡ ಚೆನ್ನಾಗಿ ಬಂದಿದೆ. ಬಾಕಿ 500 ಮಾತ್ರ ಇನ್ನೂ ಬಂದಿಲ್ಲ.