ಪರದೇಶದಲ್ಲಿ ಮನಸ್ಸು ಕುಗ್ಗಿದಾಗ: ಹೊಸದಾಗಿ ಬಂದ ವಿಶ್ವಾಸಿಗಳಿಗೆ

ಹೊಸದಾಗಿ ಬಂದವರನ್ನು ಸಭೆಯಲ್ಲಿ "ಹೇಗಿದ್ದೀರಿ?" ಎಂದು ಕೇಳಿದರೆ "ದೇವರ ಕೃಪೆಯಿಂದ ಚೆನ್ನಾಗಿದ್ದೇವೆ" ಎನ್ನುತ್ತಾರೆ. ಮುಖ ಮಾತ್ರ ಬೇರೆಯೇ ಹೇಳುತ್ತಿರುತ್ತದೆ. ಕೆಲಸ ಕುದುರಿಲ್ಲ, ವೀಸಾ ಏನಾಗುತ್ತದೋ ಗೊತ್ತಿಲ್ಲ, ಊರಲ್ಲಿ ಅಮ್ಮನಿಗೆ ಹುಷಾರಿಲ್ಲ, ಹೋಗಿ ನೋಡುವ ಹಾಗೂ ಇಲ್ಲ. ಅತ್ತರೆ ವಿಶ್ವಾಸ ಕಡಿಮೆ ಎಂದುಕೊಂಡಾರು ಅಂತ ಎಲ್ಲವನ್ನೂ ನುಂಗಿಕೊಂಡಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲಾಜರನ ಸಮಾಧಿಯ ಹತ್ತಿರ ಯೇಸುಸ್ವಾಮಿಯೇ ಕಣ್ಣೀರು ಹಾಕಿದರು.

ಮೊದಲು ನಿಮ್ಮ ದೂರನ್ನು ದೇವರ ಮುಂದೆ ಇಡಿ. ಬೈಬಲಿನ 150 ಕೀರ್ತನೆಗಳಲ್ಲಿ ಸ್ತುತಿಯಷ್ಟೇ ಇಲ್ಲ, ಗೋಳೂ ಬೇಕಾದಷ್ಟಿದೆ. 13ನೆಯ ಕೀರ್ತನೆ ಶುರುವಾಗುವುದೇ "ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ?" ಎಂಬ ಪ್ರಶ್ನೆಯಿಂದ. 88ನೆಯದಂತೂ ಕೊನೆಯ ಸಾಲಿನವರೆಗೂ ಕತ್ತಲೆಯೇ. ಅಂಥ ಪ್ರಾರ್ಥನೆಗೂ ಪವಿತ್ರ ಗ್ರಂಥದಲ್ಲಿ ಜಾಗ ಸಿಕ್ಕಿದೆ ಎಂಬುದೇ ನನಗೆ ದೊಡ್ಡ ಧೈರ್ಯ. ಬಾಯಿಗೆ ಮಾತು ಬಾರದ ರಾತ್ರಿ ಇವನ್ನೇ ಗಟ್ಟಿಯಾಗಿ, ಕನ್ನಡದಲ್ಲೇ ಓದಿ. ಓದಲೂ ತ್ರಾಣವಿಲ್ಲದಿದ್ದರೆ ಫೋನಿನಲ್ಲಿ ಕನ್ನಡ ಬೈಬಲಿನ ಆಡಿಯೋ ಹಾಕಿಕೊಂಡು ಸುಮ್ಮನೆ ಮಲಗಿ.

ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ವಿಶ್ವಾಸಿಗಳಿಗೆ ಪತ್ರ ಬರೆದಾಗ ಬೇಡಿಯಲ್ಲಿದ್ದ. ಚಿಂತೆ ಮಾಡಬೇಡಿ ಎಂದಷ್ಟೇ ಹೇಳಿ ಅವನು ನಿಲ್ಲಿಸಲಿಲ್ಲ, ನಿಮಗೆ ಬೇಕಾದದ್ದನ್ನು ದೇವರಿಗೆ ತಿಳಿಸಿ ಎಂದ. ಹಾಗಾಗಿ ಪ್ರಾರ್ಥನೆಯಲ್ಲಿ ಸುತ್ತಿಬಳಸುವುದು ಬೇಡ. "ಕರ್ತನೇ, ಮುಂದಿನ ತಿಂಗಳ ಬಾಡಿಗೆ ಹೇಗೆ ಕಟ್ಟಲಿ? ನಾಳೆಯ ಇಂಟರ್‌ವ್ಯೂ ನೆನೆದರೆ ಕೈ ನಡುಗುತ್ತಿದೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪೌಲನು ಹೇಳುವ ಗ್ರಹಿಕೆಗೆ ಮೀರಿದ ಶಾಂತಿ, ಕಷ್ಟ ತೀರಿದ ಮೇಲೆ ಬರುವಂಥದ್ದಲ್ಲ. ಅದನ್ನು ಬರೆಯುವಾಗ ಅವನ ಬೇಡಿ ಇನ್ನೂ ಕಳಚಿರಲಿಲ್ಲ.

ಪರದೇಶಕ್ಕೆ ಬಂದವರು ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯವನ್ನು ಪೂರ್ತಿ ಓದಬೇಕು. 11ನೆಯ ವಚನ ಎಲ್ಲರಿಗೂ ಬಾಯಿಪಾಠ: ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಇದೆ ಎಂಬ ವಾಗ್ದಾನ. ಅದರ ಹಿಂದಿನ ವಚನವನ್ನೇ ಬಿಟ್ಟುಬಿಡುತ್ತೇವೆ. ಊರಿಗೆ ಮರಳುವುದು 70 ವರ್ಷ ತುಂಬಿದ ಮೇಲೆ ಎಂದು ಅಲ್ಲಿದೆ. ಬಾಬೆಲಿಗೆ ಸೆರೆಹೋದ ಯೆಹೂದ್ಯರು ನಾಳೆಯೇ ಊರಿಗೆ ಮರಳುತ್ತೇವೆ ಎಂದು ಕಾಯುತ್ತಿದ್ದಾಗ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಪ್ರವಾದಿ ಬರೆದು ಕಳಿಸಿದ. ನೀವೂ ಪೆಟ್ಟಿಗೆ ಬಿಚ್ಚಿ. ಪಕ್ಕದ ಮನೆಯವರ ಹೆಸರು ಕೇಳಿಕೊಂಡು, ಅವರಿಗಾಗಿ ಪ್ರಾರ್ಥಿಸಲು ಶುರುಮಾಡಿ.

ಇನ್ನು ದೇಹದ ಮಾತು. ಸಾಯುವುದೇ ಮೇಲು ಎಂದು ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತನು ಉಪದೇಶ ಮಾಡಲಿಲ್ಲ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎದ್ದು ತಿಂದ, ಮತ್ತೆ ಮಲಗಿದ. ದೂತನು ಮತ್ತೆ ಬಂದು ತಟ್ಟಿ ಎಬ್ಬಿಸಿ ಉಣ್ಣಿಸಿದ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಒಬ್ಬರೇ ಇರಬೇಡಿ. ಅವತ್ತೇ ಡಾಕ್ಟರನ್ನು ಕಾಣಿ ಅಥವಾ ತುರ್ತು ಸಹಾಯಕ್ಕೆ ಫೋನ್ ಮಾಡಿ. ಡಾಕ್ಟರ ಹತ್ತಿರ ಹೋದರೆ ವಿಶ್ವಾಸಕ್ಕೆ ಯಾವ ಕುಂದೂ ಇಲ್ಲ.

ಕಾಣಿಕೆ ಕೊಟ್ಟರೆ ವೀಸಾ ಆಗುತ್ತದೆ, ಕೆಲಸ ಸಿಗುತ್ತದೆ ಎನ್ನುವವರಿಂದ ದೂರವಿರಿ. ನೊಂದವರನ್ನು ಹೀಗೆ ಸುಲಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಥೋಲಿಕರಾದರೆ ಹತ್ತಿರದ ಧರ್ಮಕೇಂದ್ರದ ಗುರುಗಳನ್ನು, ಬೇರೆ ಸಭೆಯವರಾದರೆ ಪಾಸ್ಟರನ್ನು ಕಂಡು, ಹೊಸದಾಗಿ ಬಂದಿದ್ದೇವೆ ಎಂದು ತಿಳಿಸಿ. ಭಾನುವಾರದ ದೊಡ್ಡ ಗುಂಪಿನಲ್ಲಿ ಮನಸ್ಸು ಬಿಚ್ಚುವುದು ಕಷ್ಟ. ವಾರದ ಮಧ್ಯೆ ಯಾರದಾದರೂ ಮನೆಯಲ್ಲಿ ನಡೆಯುವ ಪ್ರಾರ್ಥನಾಕೂಟ ಇದೆಯೇ ಎಂದು ಕೇಳಿ. ಆರಾಧನೆ ಮುಗಿದ ಕೂಡಲೇ ಹೊರಟುಬಿಡದೆ ಸ್ವಲ್ಪ ಹೊತ್ತು ನಿಲ್ಲಿ. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ, ಈ ವಾರ ಕಷ್ಟವಾಯಿತು, ನನಗಾಗಿ ಪ್ರಾರ್ಥಿಸಿ ಎನ್ನಿ.